ಹಸ್ತ ಮಳೆಯಲ್ಲಿ ಆಗುಂಬೆಗೆ ಹೊರಟಿದ್ದೀರಾ? ಮೊದಲು ಮುನ್ಸೂಚನೆ ಓದಲು ಕಲಿಯಿರಿ

ಸೂರ್ಯಾಸ್ತ ನೋಡಲು ಆಗುಂಬೆಗೆ ಹೋಗಿ, ಎರಡು ಸಂಜೆ ಕೊಡೆಯ ಒಳಮೈ ನೋಡಿಕೊಂಡು ನಿಂತಿದ್ದೆ. ಮಳೆಯನ್ನು ಬೈದು ಪ್ರಯೋಜನವಿಲ್ಲ. ಎಲ್ಲಿ, ಯಾವಾಗ ಬರುತ್ತೆ ಅಂತ ಹವಾಮಾನ ಇಲಾಖೆಯವರು ಮುಂಚೆಯೇ ಹೇಳಿದ್ದರು. ನನಗೆ ಓದಲು ಬರಲಿಲ್ಲ, ಅಷ್ಟೇ.

ನಾವು ಹೋಗಿದ್ದು ಸೆಪ್ಟೆಂಬರ್ 29ರಿಂದ ಅಕ್ಟೋಬರ್ 2ರವರೆಗೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಭಾವಮೈದ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲು, ಅಲ್ಲಿಂದ ಬಾಡಿಗೆ ಕಾರು. ತೀರ್ಥಹಳ್ಳಿ ದಾಟಿ ಆಗುಂಬೆ, ಆಮೇಲೆ ಶೃಂಗೇರಿ, ಕಿಗ್ಗ. ಹೊರಡುವ ಹಿಂದಿನ ದಿನ ಅಮ್ಮ ಫೋನಿನಲ್ಲಿ, "ಹಸ್ತ ಹುಟ್ಟಿ ಇನ್ನೂ ಎರಡು ದಿನ ಆಗಿಲ್ಲ, ಈಗ ಯಾಕೋ ಮಲೆನಾಡು?" ಅಂದರು. ನನ್ನ ಮೊಬೈಲಿನಲ್ಲಿ ನಾಲ್ಕೂ ದಿನಕ್ಕೆ ಮೋಡದ ಹಿಂದಿನಿಂದ ಸೂರ್ಯ ಇಣುಕುವ ಪುಟ್ಟ ಚಿತ್ರ ಇತ್ತು. ಅದನ್ನೇ ನಂಬಿದೆ.

ಇನ್ನೊಂದು ಸುದ್ದಿಯೂ ನನ್ನನ್ನು ದಾರಿ ತಪ್ಪಿಸಿತು. ಆ ವಾರ ಟಿವಿಯಲ್ಲಿ ಮುಂಗಾರು ವಾಪಸಾಗುತ್ತಿದೆ ಅಂತ ಬರುತ್ತಿತ್ತು. ವಾಡಿಕೆಯಂತೆ ಸೆಪ್ಟೆಂಬರ್ 17ರ ಸುಮಾರಿಗೆ ಅದು ಹೊರಡುವುದು ನಿಜ. ಆದರೆ ಹೊರಡುವುದು ಪಶ್ಚಿಮ ರಾಜಸ್ಥಾನದಿಂದ. ಇಡೀ ದೇಶ ಖಾಲಿ ಮಾಡುವಷ್ಟರಲ್ಲಿ ಅಕ್ಟೋಬರ್ 15 ಆಗುತ್ತೆ. ದಕ್ಷಿಣದ ನಮ್ಮ ಸರದಿ ಕೊನೆಗೆ. ಈ ನಡುವೆ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದರೂ ಸಾಕು, ಅರಬ್ಬಿ ಸಮುದ್ರದ ತೇವದ ಗಾಳಿಯನ್ನು ಎಳೆದುಕೊಂಡು ಘಟ್ಟದ ಮೇಲೆ ಮತ್ತೆ ಜೂನ್ ತಿಂಗಳು ತಂದುಬಿಡುತ್ತೆ.

ಮುನ್ಸೂಚನೆ ನೋಡುವಾಗ ನಾನು ಮಾಡಿದ ಮೊದಲ ತಪ್ಪು ಜಾಗದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೂರು ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಕೋಲಾರ, ತುಮಕೂರು, ಚಿತ್ರದುರ್ಗವೂ ಅದೇ ಬುಟ್ಟಿಯಲ್ಲಿವೆ. 'ದಕ್ಷಿಣ ಒಳನಾಡಿನ ಅಲ್ಲಲ್ಲಿ ಹಗುರ ಮಳೆ' ಅಂತ ಓದಿ ಆಗುಂಬೆಗೆ ಹೊರಟರೆ ನನ್ನ ಗತಿಯೇ. ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಘಾಟಿಯ ನೆತ್ತಿಯ ಮೇಲೆ. ಇಳಿದರೆ ಸೋಮೇಶ್ವರ, ಅದು ಉಡುಪಿ ಜಿಲ್ಲೆ. ಸಮುದ್ರದಿಂದ ಬಂದ ಗಾಳಿ ಈ ಗೋಡೆಗೆ ಬಡಿದು, ಮೇಲೇರಿ, ತಣ್ಣಗಾಗಿ ಇಲ್ಲೇ ಸುರಿಯುತ್ತೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಕಾಣುವ ಊರದು. ಹೆಸರಿಗೆ ಒಳನಾಡು, ಮಳೆ ಮಾತ್ರ ಕರಾವಳಿಯನ್ನೂ ಮೀರಿಸಿದ್ದು. ಹಾಗಾಗಿ ಶಿವಮೊಗ್ಗದ ಜೊತೆ ಉಡುಪಿಯ ಮುನ್ಸೂಚನೆಯನ್ನೂ ಓದಿ. ಎರಡರಲ್ಲಿ ಯಾವುದು ಜಾಸ್ತಿ ಹೆದರಿಸುತ್ತೋ ಅದನ್ನು ನಂಬಿ.

ಪದಗಳನ್ನೂ ಸ್ವಲ್ಪ ಗಮನಿಸಿ. 'ಅಲ್ಲಲ್ಲಿ' ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. 'ಕೆಲವೆಡೆ' ಅಂದರೆ ಅರ್ಧದವರೆಗೆ. 'ಹಲವೆಡೆ' ಅಂದರೆ ಮುಕ್ಕಾಲರವರೆಗೆ. 'ಬಹುತೇಕ ಕಡೆ' ಅಂತ ಬಂದರೆ ನೀವು ತಪ್ಪಿಸಿಕೊಳ್ಳುವ ಆಸೆ ಬಿಡಿ. 'ಭಾರಿ ಮಳೆ' ಅನ್ನುವುದಕ್ಕೂ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಬೇಕು. 115.6 ಮುಟ್ಟಿದರೆ 'ಅತಿ ಭಾರಿ', 204.4 ದಾಟಿದರೆ ಅದರ ಮೇಲಿನ ದರ್ಜೆ. ಇಲಾಖೆಯ ಎಚ್ಚರಿಕೆಗೆ ಬಣ್ಣಗಳೂ ಇವೆ. ಹಳದಿ ಬಂದರೆ ನಾನು ಈಗ ಹೊರಡುತ್ತೇನೆ, ಆದರೆ ಹುಷಾರಾಗಿ. ಕಿತ್ತಳೆ ಬಂದರೆ ಮುಂದೂಡುತ್ತೇನೆ. ಕೆಂಪಿನ ಬಗ್ಗೆ ಮಾತೇ ಬೇಡ.

ಇನ್ನೊಂದು ಸಣ್ಣ ವಿಷಯ, ನನಗೆ ಬಹಳ ಉಪಯೋಗಕ್ಕೆ ಬಂತು. ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮಾರನೇ ದಿನ 8.30ಕ್ಕೆ. ಪೇಪರಿನಲ್ಲಿ 'ಆಗುಂಬೆ 9 ಸೆಂ.ಮೀ.' ಅಂತ ಬಂದರೆ ಅದು ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆವರೆಗಿನ ಲೆಕ್ಕ. ಇವತ್ತಿಗೆ ಹಳದಿ ಕೊಟ್ಟಿದ್ದಾರೆ ಅಂದರೆ ಇವತ್ತು ಬೆಳಗ್ಗೆಯೇ ಸುರಿಯಬೇಕು ಅಂತಿಲ್ಲ. ಸಂಜೆ ಬರಬಹುದು, ರಾತ್ರಿ ಎರಡಕ್ಕೆ ಬರಬಹುದು.

ಇದು ಗೊತ್ತಿಲ್ಲದೆ ಮೊದಲ ದಿನ ಹಾಳು ಮಾಡಿಕೊಂಡೆವು. ಎದ್ದಾಗ ಮೊಬೈಲಿನಲ್ಲಿ ಹಳದಿ. "ಸುಮ್ನೆ ನೆನೆಯೋದು ಬೇಡ, ನಿಂತ ಮೇಲೆ ಹೋಗೋಣ" ಅಂತ ನಾನೇ ಹೇಳಿದೆ. ನಿಲ್ಲಲು ಮಳೆಯೇ ಇರಲಿಲ್ಲ. ಹೊರಗೆ ಚುರುಕು ಬಿಸಿಲು. ಕಡುಬು ತಿಂದು, ಇಸ್ಪೀಟು ಆಡಿ, ಮಧ್ಯಾಹ್ನದ ಊಟ ಮುಗಿಸಿ, ಮೂರೂವರೆಗೆ ಕಾರು ಹತ್ತಿದೆವು. ಮೂರೂ ಮುಕ್ಕಾಲಿಗೆ ಗುಡುಗು. ಸೂರ್ಯಾಸ್ತದ ಜಾಗಕ್ಕೆ ಮುಟ್ಟುವಷ್ಟರಲ್ಲಿ ಮುಂದಿನ ಕಾರಿನ ಹಿಂದಿನ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒದ್ದೆಯಾಗಿ ವಾಪಸ್ ಬಂದಾಗ ಹೋಂಸ್ಟೇ ಯಜಮಾನರು ಬಚ್ಚಲ ಒಲೆಗೆ ಸೌದೆ ತುರುಕುತ್ತಿದ್ದರು. "ಎಂತ ಮಾರಾಯ್ರೆ, ಬೆಳಿಗ್ಗೆ ಪೂರಾ ಬಿಸಿಲಿತ್ತಲ್ಲ, ಒಳಗೆ ಕೂತು ಎಂತ ಮಾಡಿದ್ರಿ?" ಅಂದರು. ಹಳದಿ ಅಲರ್ಟ್ ಇತ್ತು ಅಂದೆ. ಅವರು ಅಂಗಳದ ಕಡೆ ಕೈ ತೋರಿಸಿದರು. ಬೇಯಿಸಿದ ಅಡಿಕೆ ಒಣಹಾಕಿದ್ದ ಚಪ್ಪರ. ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕೂ ಕಡೆ ಕಲ್ಲು ಇಟ್ಟಿದ್ದರು. "ನಾವು ಎರಡು ಗಂಟೆಗೇ ಮುಚ್ಚಿ ಆಯ್ತು" ಅಂದರು.

ಆಮೇಲೆ ಮೂರೂ ದಿನ ಅವರ ಪ್ಲಾಸ್ಟಿಕ್ಕೇ ನಮ್ಮ ಗಡಿಯಾರ. ಅವರೂ ಮೊಬೈಲಿನಲ್ಲಿ ಮುನ್ಸೂಚನೆ ನೋಡುತ್ತಾರೆ, ಅದರಲ್ಲೂ ಮುಂದಿನ ಮೂರು ಗಂಟೆಯದ್ದು. ಅದರ ಮೇಲೆ ಆಕಾಶ ನೋಡುತ್ತಾರೆ. ಜೂನ್, ಜುಲೈಯ ಮಳೆ ಹಗಲು ರಾತ್ರಿ ಅನ್ನದೆ ಒಂದೇ ಸಮ ಸುರಿಯುತ್ತೆ, ಗುಡುಗು ಕಡಿಮೆ. ಹಸ್ತ, ಚಿತ್ತೆಯ ಹೊತ್ತಿಗೆ ಪಶ್ಚಿಮದ ಗಾಳಿ ಸೊರಗಿರುತ್ತೆ. ಬೆಳಿಗ್ಗೆ ಬಿಸಿಲು ನೆಲ ಕಾಯಿಸುತ್ತೆ, ತೇವದ ಗಾಳಿ ಮೇಲೇಳುತ್ತೆ, ಮಧ್ಯಾಹ್ನದ ಮೇಲೆ ಗುಡುಗು, ಮಿಂಚು, ಜೋರು ಮಳೆ. ವಾಯುಭಾರ ಕುಸಿತ ಇಲ್ಲದ ದಿನಗಳಲ್ಲಿ ಹೆಚ್ಚು ಕಡಿಮೆ ಇದೇ ಚಾಳಿ. ಬೆಳಗು ನಿಮ್ಮದು, ಸಂಜೆ ಮಳೆಯದು ಅಂದುಕೊಂಡೇ ಯೋಜನೆ ಹಾಕಿ. ಆ ಲೆಕ್ಕದಲ್ಲಿ ಆಗುಂಬೆಯ ಸೂರ್ಯಾಸ್ತವನ್ನು ಪಟ್ಟಿಯಲ್ಲಿ ಕೊನೆಗೆ ಬರೆಯಿರಿ. ಸಿಕ್ಕಿದರೆ ಅದೃಷ್ಟ. ನಾವು ಎರಡನೇ ಸಂಜೆಯೂ ಹೋಗಿ ನಿಂತೆವು. ಆರೂಕಾಲರ ಸುಮಾರಿಗೆ ಪಡುವಣದಲ್ಲಿ ಕುಂಕುಮದ ಒಂದು ಗೆರೆ ಕಂಡ ಹಾಗಾಯಿತು. ಭಾವಮೈದ ಅದು ಯಾರದೋ ಜಾಕೆಟ್ ಅನ್ನುತ್ತಾನೆ.

ಎರಡನೇ ಬೆಳಿಗ್ಗೆ ಏಳಕ್ಕೇ ಹೊರಟು ಕುಂದಾದ್ರಿಗೆ ಹೋದೆವು. ಇಡೀ ಪ್ರವಾಸಕ್ಕೆ ಕೊಟ್ಟ ಕಾಸು ಅಲ್ಲೇ ವಸೂಲಾಯಿತು. ಗುಡ್ಡದ ಮೇಲೆ ಜಿನಾಲಯ, ಪಕ್ಕದಲ್ಲಿ ಬಂಡೆಯ ನಡುವೆ ಕೊಳ. ಕೆಳಗೆ ಕಾಡು, ಗದ್ದೆ, ತೋಟ ಯಾವುದೂ ಇಲ್ಲ, ಬರೀ ಬಿಳಿ ಮೋಡ. ಬಿಸಿಲು ಏರಿದ ಹಾಗೆ ಮೋಡದಲ್ಲಿ ತೂತು ಬಿದ್ದು, ತೆನೆ ಬಿಟ್ಟ ಗದ್ದೆಯ ಚೂರೊಂದು ಕಾಣುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಮಗಳಿಗೆ ಪೂರ್ವದ ಕಡೆ ನೋಡುತ್ತಿರು ಅಂದಿದ್ದೆ. ಒಂಬತ್ತೂವರೆಗೆ ಅಲ್ಲಿ ಅರಳೆಯ ಉಂಡೆಯಂಥ ಮೋಡ. ಹತ್ತೂವರೆಗೆ "ಅಪ್ಪಾ, ಹೂಕೋಸು" ಅಂದಳು. ಹನ್ನೊಂದಕ್ಕೆ ಹೂಕೋಸಿನ ಅಡಿ ಬೂದಿ ಬಣ್ಣಕ್ಕೆ ತಿರುಗಿತು. ಇಳಿದುಬಿಟ್ಟೆವು.

ಈ ಇಳಿಯುವ ವಿಷಯದಲ್ಲಿ ಉದಾಸೀನ ಬೇಡ. ಬೋಳು ಬಂಡೆಯ ಮೇಲೆ ಆ ಸುತ್ತಿಗೆಲ್ಲ ಎತ್ತರಕ್ಕೆ ನಿಂತಿರುವವರು ನೀವೇ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಮೂವತ್ತು ಎಣಿಸುವ ಮುಂಚೆ ಗುಡುಗಿದರೆ ಕಟ್ಟಡದೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಮರದಡಿ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮೊಬೈಲಿಗೆ ದಾಮಿನಿ ಆ್ಯಪ್ ಹಾಕಿಕೊಂಡರೆ 20, 40 ಕಿ.ಮೀ. ಸುತ್ತಿನ ಸಿಡಿಲಿನ ಎಚ್ಚರಿಕೆ ಬರುತ್ತೆ. ಆದರೆ ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ. ಎಣಿಸುವುದೇ ವಾಸಿ.

ಶೃಂಗೇರಿಗೆ ಸಂಜೆ ಹೋದರೂ ನಡೆಯುತ್ತೆ, ಮಳೆ ಬಂದರೆ ಸೂರು ಇದೆ. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳನ್ನು ನಿಧಾನವಾಗಿ ನೋಡಿ. ಮಧ್ಯಾಹ್ನ ಬಾಗಿಲು ಹಾಕುವ ಸಮಯ ಮಾತ್ರ ವಿಚಾರಿಸಿಕೊಳ್ಳಿ. ಕಿಗ್ಗ ಅಲ್ಲಿಂದ ಹತ್ತು ಕಿ.ಮೀ. ಒಳಗೇ. ಅಲ್ಲಿರುವುದು ಋಷ್ಯಶೃಂಗ, ಕಾಲಿಟ್ಟಲ್ಲಿ ಮಳೆ ತರಿಸಿದವನು ಅನ್ನುವ ಕಥೆಯ ಋಷಿ. ಮಳೆ ಬರಲಿ ಅಂತಲೂ ಅಲ್ಲಿಗೇ ಹರಕೆ, ಅತಿಯಾದಾಗ ನಿಲ್ಲಲಿ ಅಂತಲೂ ಅಲ್ಲಿಗೇ. ನಾನು 'ನಾಳೆ ಹನ್ನೊಂದರವರೆಗೆ ಮಾತ್ರ' ಅಂತ ಕೇಳಿಕೊಂಡೆ. ಕೊಟ್ಟ! ಕಿಗ್ಗದ ಹತ್ತಿರದ ಸಿರಿಮನೆ ಜಲಪಾತ ತುಂಬಿ ಬೀಳುತ್ತಿತ್ತು. ಈ ಕಾಲದಲ್ಲಿ ಬೆಳಿಗ್ಗೆಯೇ ಹೋಗಿ, ನೀರಿಗೆ ಇಳಿಯುವ ಆಸೆ ಬಿಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆಯಾಗಿದ್ದರೆ ನೀರು ಒಮ್ಮೆಲೇ ಏರುತ್ತೆ.

ಈಗ ಕಾರಿನ ಕಥೆ. ಬಾಡಿಗೆಗೆ ಕೊಟ್ಟವರು ಟಯರ್, ಎಸಿ, ಹಾಡು ಎಲ್ಲ ತೋರಿಸಿದರು. ಎಡಗಡೆ ವೈಪರಿನ ರಬ್ಬರ್ ಹರಿದಿದ್ದು ಹೇಳಲಿಲ್ಲ, ನಾನೂ ನೋಡಲಿಲ್ಲ. ಮೊದಲ ಮಳೆಯಲ್ಲೇ ಅದು ಗಾಜಿನ ಮೇಲೆ ಕರ್ ಕರ್ ಅನ್ನುತ್ತಾ ನೀರನ್ನು ಬಳಿದಾಡಿತು. ತೀರ್ಥಹಳ್ಳಿಗೆ ವಾಪಸ್ ಹೋಗಿ ಹೊಸದು ಹಾಕಿಸಿ ತರುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಕಾರು ತೆಗೆದುಕೊಳ್ಳುವಾಗ ಗಾಜಿಗೆ ನೀರು ಹಾಕಿ ವೈಪರ್ ಓಡಿಸಿ ನೋಡಿ, ಮಂಜಿನ ದೀಪ ಹೊತ್ತಿಸಿ ನೋಡಿ. ಪೆಟ್ರೋಲನ್ನು ತೀರ್ಥಹಳ್ಳಿಯಲ್ಲೇ ತುಂಬಿಸಿಕೊಳ್ಳಿ.

ಘಾಟಿ ಇಳಿಯುವವರು ಹಗಲೇ ಇಳಿಯಿರಿ. ಹದಿನಾಲ್ಕು ತಿರುವು, ದೊಡ್ಡ ಬಸ್ಸು ಲಾರಿಗಳಿಗೆ ಅಲ್ಲಿ ಬಿಡುವುದಿಲ್ಲ, ಅಷ್ಟು ಇಕ್ಕಟ್ಟು. ಮಂಜು ಕವಿದಾಗ ದೀಪ ತಗ್ಗಿಸಿ ಹಚ್ಚಿ, ಎತ್ತರಿಸಿದರೆ ಬರೀ ಬಿಳಿ ಗೋಡೆ ಕಾಣುತ್ತೆ. ಮಣ್ಣು ಕುಸಿದು ರಸ್ತೆ ಮುಚ್ಚಿದೆಯಾ ಅಂತ ಹೊರಡುವ ಬೆಳಿಗ್ಗೆ ಊರಿನವರನ್ನೇ ಕೇಳಿ. ಮ್ಯಾಪ್‌ಗೆ ಗೊತ್ತಾಗುವುದು ತಡವಾಗಿ.

ಉಂಬಳ, ಅಂದರೆ ಜಿಗಣೆ, ಇದ್ದೇ ಇರುತ್ತೆ. ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿದ ಕಾಲುಚೀಲ, ಕೈಯಲ್ಲಿ ಒಂದು ಪೊಟ್ಟಣ ಉಪ್ಪು, ಇಷ್ಟು ಸಾಕು. ಜೀನ್ಸ್ ಬೇಡ, ನೆನೆದರೆ ಎರಡು ದಿನ ಒಣಗಲ್ಲ. ನಮ್ಮ ಬಟ್ಟೆ ಒಣಗಿದ್ದು ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ. ರೂಮು ಹಿಡಿಯುವಾಗ ವೈಫೈ ಇದೆಯಾ ಅಂತ ಕೇಳುವ ಬದಲು ಬಚ್ಚಲ ಒಲೆ ಇದೆಯಾ ಅಂತ ಕೇಳಿ.

ದಿನಾಂಕದ ಮಾತು. ಐದು ದಿನದ ಮುನ್ಸೂಚನೆಯಲ್ಲಿ ಮೊದಲ ಎರಡು ದಿನದ್ದನ್ನು ಗಟ್ಟಿಯಾಗಿ ನಂಬಬಹುದು, ಆಮೇಲಿನದ್ದು ದಿನಾ ಬದಲಾಗುತ್ತೆ. ಹಾಗಾಗಿ ರೂಮು ಮುಂಚೆ ಹಿಡಿದರೂ ದಿನ ಬದಲಿಸಲು ಅವಕಾಶ ಕೊಡುವ ಮನೆ ನೋಡಿ. ನವರಾತ್ರಿಗೆ ಬಂದರೆ ಶೃಂಗೇರಿಯಲ್ಲಿ ಕಾಲಿಡಲು ಜಾಗ ಇರಲ್ಲ, ಅಕ್ಟೋಬರ್ 2ರ ರಜೆಗೆ ಆಗುಂಬೆ ತುಂಬಿರುತ್ತೆ. ಅಕ್ಟೋಬರ್ 10ರ ಆಸುಪಾಸಿಗೆ ಚಿತ್ತೆ ಹುಟ್ಟುತ್ತೆ. 'ಕುರುಡು ಚಿತ್ತೆ ಎರಚಿದತ್ತ ಬೆಳೆ' ಅಂತಾರಲ್ಲ, ಈ ಗದ್ದೆಗೆ ಬಂದಿದ್ದು ಆಚೆ ಗದ್ದೆಗೆ ಇಲ್ಲ. ಆಗ ಮುನ್ಸೂಚನೆಯಲ್ಲಿ 'ಅಲ್ಲಲ್ಲಿ' ಅನ್ನುವ ಪದವೇ ಜಾಸ್ತಿ. ಸೂರ್ಯಾಸ್ತವೇ ಬೇಕು ಅನ್ನುವವರು ನವೆಂಬರ್ ಕೊನೆಗೆ ಹೋಗಿ. ಮೋಡದ ಮೇಲಿನ ಕುಂದಾದ್ರಿ ಬೇಕು, ಜಲಪಾತ ತುಂಬಿರಬೇಕು ಅನ್ನುವವರಿಗೆ ಹಸ್ತವೇ ಸರಿ.

ವಾಪಸ್ ರೈಲನ್ನು ಬೆಳಿಗ್ಗೆಯದ್ದೇ ಹಿಡಿಯಿರಿ. ಬೆಂಗಳೂರಿಗೂ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಸಂಜೆ ಮಳೆಯ ಕಾಲ. ನಾವು ಮಧ್ಯಾಹ್ನದ ರೈಲು ಹತ್ತಿ ರಾತ್ರಿ ಮೆಜೆಸ್ಟಿಕ್‌ನಲ್ಲಿ ಇಳಿದಾಗ, ಆಗುಂಬೆಯಲ್ಲಿ ಒಣಗಿಸಿ ತಂದ ಬಟ್ಟೆಯೆಲ್ಲ ಆಟೋ ಸಿಗುವಷ್ಟರಲ್ಲಿ ಮತ್ತೆ ಒದ್ದೆ.