ಮೂರು ನಿಮಿಷದ ಪ್ಲೇಟು, ಇಪ್ಪತ್ತೇಳು ಸುತ್ತು

ತುಮಕೂರಿನಲ್ಲಿ ಕೂತು ಅಮೆರಿಕದ ಜಾಝ್ ಸಂಗೀತ ಕೇಳುತ್ತೀನಿ ಅಂದ್ರೆ ಮನೆಯವರೇ ಒಂಥರಾ ನೋಡುತ್ತಾರೆ. ಆದರೆ ಸ್ಯಾಕ್ಸೋಫೋನ್ ನಮಗೇನೂ ಹೊಸದಲ್ಲ, ಈಗ ಎಷ್ಟೋ ಮದುವೆ ಛತ್ರಗಳಲ್ಲಿ ವಾಲಗದವರ ಕೈಯಲ್ಲಿ ಇರೋದೇ ಅದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಸಾಮಾನ್ಯವಾಗಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’ ಹೆಸರು ಹೇಳುತ್ತಾರೆ. ಒಳ್ಳೆ ಆಲ್ಬಂ, ಜಗಳವಿಲ್ಲ. ಆದರೆ ಅದು ಎಷ್ಟು ಹಿತ ಅಂದ್ರೆ, ಹೊಸಬರು ಹಾಕಿಕೊಂಡು ಪಾತ್ರೆ ತೊಳೆಯುತ್ತಾ ಮರೆತುಬಿಡುತ್ತಾರೆ. ನಾನಾದರೆ ಇಸವಿ ಪ್ರಕಾರ ಕೇಳಿ ಅಂತೀನಿ. ಕೇಳುವಾಗ ಒಂದನ್ನು ಗಮನಿಸಿ: ಗ್ರಾಮಫೋನ್ ಪ್ಲೇಟು ಎಷ್ಟು ಹೊತ್ತು ಕೊಡುತ್ತಿತ್ತು ಅನ್ನೋದು.

ನಿಮಿಷಕ್ಕೆ 78 ಸಲ ತಿರುಗುತ್ತಿದ್ದ ಹಳೇ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. 1917ರಲ್ಲಿ ಬಂದ ಮೊದಲ ಜಾಝ್ ಪ್ಲೇಟು ‘ಲಿವರಿ ಸ್ಟೇಬಲ್ ಬ್ಲೂಸ್’. ಅದರಲ್ಲಿ ಕ್ಲಾರಿನೆಟ್ ಕೋಳಿ ಥರ ಕೂಗುತ್ತೆ, ಕಾರ್ನೆಟ್ (ಟ್ರಂಪೆಟ್ ಥರದ್ದೇ ಚಿಕ್ಕ ವಾದ್ಯ) ಕುದುರೆ ಥರ ಕೆನೆಯುತ್ತೆ. ಒಂದು ಸಲ ಕೇಳಿ ನಕ್ಕು ಮುಂದೆ ಹೋಗಿ.

1928ರ ‘ವೆಸ್ಟ್ ಎಂಡ್ ಬ್ಲೂಸ್’ ಹತ್ತಿರ ಮಾತ್ರ ನಿಲ್ಲಲೇಬೇಕು. ಶುರುವಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಒಬ್ಬನೇ, ಜೊತೆಗೆ ತಾಳವೂ ಇಲ್ಲ, ಬರೀ ಟ್ರಂಪೆಟ್. ಕೊನೆಯ ಸುತ್ತಿನಲ್ಲಿ, ಅಂದ್ರೆ ಇಡೀ ಧಾಟಿ ಕೊನೇ ಸಲ ಬರುವಾಗ, ಮೇಲಿನ ಒಂದೇ ಸ್ವರವನ್ನು ಹೆಚ್ಚುಕಡಿಮೆ ನಾಲ್ಕು ಬಾರ್ (ಬಾರ್ ಅಂದ್ರೆ ತಾಳದ ಒಂದು ಆವರ್ತ) ಹಿಡಿದು ನಿಲ್ಲುತ್ತಾನೆ. ಇರೋದೇ ಮೂರು ನಿಮಿಷ, ಅದರಲ್ಲಿ ಇಷ್ಟನ್ನು ಒಂದೇ ಸ್ವರಕ್ಕೆ ಕೊಡೋಕೆ ಧೈರ್ಯ ಬೇಕು ಅಲ್ವಾ?

1939ರಲ್ಲಿ ಸ್ಯಾಕ್ಸೋಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ‘ಬಾಡಿ ಅಂಡ್ ಸೋಲ್’ ಹಾಡನ್ನು ಸುಮ್ನೆ ಮುಟ್ಟಿದ ಹಾಗೆ ಮಾಡಿ, ಉಳಿದದ್ದೆಲ್ಲಾ ತನ್ನದೇ ನುಡಿಸಿದ. 1945ರ ‘ಕೋಕೋ’ದಲ್ಲಿ ಚಾರ್ಲಿ ಪಾರ್ಕರ್‌ನ ಸ್ಯಾಕ್ಸೋಫೋನ್ ವೇಗಕ್ಕೆ ನನ್ನ ಕಿವಿ ಇವತ್ತಿಗೂ ಹಿಂದೆಬೀಳುತ್ತೆ.

1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ, ಅಂದ್ರೆ ಹೆಚ್ಚು ಹೊತ್ತು ಓಡೋ ಲಾಂಗ್ ಪ್ಲೇ ಪ್ಲೇಟು, ತಂದಿತು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಅದರ ರುಚಿ ನೋಡಬೇಕಂದ್ರೆ ಡ್ಯೂಕ್ ಎಲಿಂಗ್ಟನ್‌ ತಂಡದ 1956ರ ನ್ಯೂಪೋರ್ಟ್ ಜಾಝ್ ಉತ್ಸವದ ಕಛೇರಿ ಕೇಳಿ. ಹೊತ್ತಾಗಿತ್ತು, ಜನ ಎದ್ದು ಹೊರಡುತ್ತಿದ್ದರು. ಆಗ ತಂಡದ ಪಾಲ್ ಗೊನ್ಸಾಲ್ವಿಸ್ ಟೆನರ್ ಸ್ಯಾಕ್ಸ್ ಎತ್ತಿಕೊಂಡು 12 ಬಾರ್‌ಗೆ ಒಂದು ಸುತ್ತು ಮುಗಿಯೋ ಬ್ಲೂಸ್ ಧಾಟಿಯನ್ನು ಒಂದಲ್ಲ ಎರಡಲ್ಲ, 27 ಸುತ್ತು ನುಡಿಸಿದ. ಜನ ಕುರ್ಚಿ ಮೇಲೆ ಹತ್ತಿದರು, ಒಬ್ಬ ಹೆಂಗಸು ಎದ್ದು ಕುಣಿಯೋಕೆ ಶುರು ಮಾಡಿದಳು. ತಮಾಷೆ ಏನಂದ್ರೆ, ಪುಣ್ಯಾತ್ಮ ನುಡಿಸಿದ್ದು ಕೊಲಂಬಿಯಾದವರ ಮೈಕಿಗೆ ಅಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕಿಗೆ! ಹಾಗಾಗಿ ಎಲ್‌ಪಿಯಲ್ಲಿ ಸ್ಯಾಕ್ಸ್ ದೂರದಿಂದ ಕೇಳುತ್ತೆ. ಆ ರೇಡಿಯೋ ಟೇಪು ಬಹಳ ವರ್ಷದ ಮೇಲೆ ಸಿಕ್ಕಿ, 1999ರಲ್ಲಿ ಎರಡನ್ನೂ ಸೇರಿಸಿ ಹೊರತಂದರು. ಕೊಳ್ಳೋದಾದರೆ ಅದನ್ನೇ ಕೊಳ್ಳಿ.

ಅಲ್ಲಿಂದ 1964ರ ಡಿಸೆಂಬರ್‌ಗೆ ಬನ್ನಿ, ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’. ನಾಲ್ಕು ಭಾಗ, ಇಡೀ ಎಲ್‌ಪಿ ಒಂದೇ ಕೃತಿ. ಕೊನೆಯ ಭಾಗದಲ್ಲಿ ತಾನೇ ಬರೆದ ಪ್ರಾರ್ಥನೆಯನ್ನು ಸ್ಯಾಕ್ಸ್‌ನಲ್ಲೇ ಓದುತ್ತಾನೆ, ನಮ್ಮ ನಾದಸ್ವರದವರು ಕೀರ್ತನೆಯ ಸಾಹಿತ್ಯ ನುಡಿಸೋ ಹಾಗೆ. ಆ ಪದ್ಯ ಆಲ್ಬಂ ಕವರಿನ ಒಳಮಗ್ಗುಲಲ್ಲೇ ಇದೆ. ಅದನ್ನು ಎದುರಿಗೆ ಇಟ್ಟುಕೊಂಡು ಕೇಳಿದರೆ ಸಾಲು ಸಾಲೂ ಸಿಗುತ್ತೆ.

ಇನ್ನೊಂದನ್ನು ಯಾರೂ ಹೇಳಲ್ಲ, ಅದಕ್ಕೇ ನಾನು ಹೇಳುತ್ತೀನಿ. ಚಾರ್ಲಿ ಮರಿಯಾನೋ ಅಂತ ಅಮೆರಿಕದ ಸ್ಯಾಕ್ಸೋಫೋನ್ ವಾದಕ, ಹೆಸರಾಂತ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವನು, ನಾದಸ್ವರವನ್ನೂ ಕಲಿತವನು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆ 1983ರಲ್ಲಿ ‘ಜ್ಯೋತಿ’ ಅನ್ನೋ ಆಲ್ಬಂ ಮಾಡಿದ. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕ್ಕೋಲು. ತನಿ ಆವರ್ತನ ಕೇಳಿ ಅಭ್ಯಾಸ ಇರೋರು, ಇಸವಿ ಗಿಸವಿ ಬಿಟ್ಟು ಇದರಿಂದಲೇ ಶುರು ಮಾಡಿ ಆಮೇಲೆ 1928ಕ್ಕೆ ಹೋದರೂ ನನ್ನದೇನೂ ತಕರಾರಿಲ್ಲ.