“ಮಾಮಾ, ನೀವೂ ಬಡವರಾ?”

ಮೂರು ತಿಂಗಳಿಂದ ಹಳ್ಳಿ ಬಿಟ್ಟು ಕದಲಿರಲಿಲ್ಲ. ಹೋದ ಶನಿವಾರ ಮಿಷನ್ ದವಾಖಾನೆಯ ಕೀಲಿಯನ್ನು ಜೊತೆಯ ನರ್ಸ್ ಕೈಗಿಟ್ಟು, ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿಯನ್ನು ಕರಕೊಂಡು ದೊಡೊಮಾ ಪೇಟೆಗೆ ಹೋದೆ. ಟಾಂಜಾನಿಯಾದ ರಾಜಧಾನಿಯಾದರೂ ಆ ಬಂಡೆಗುಡ್ಡ, ಆ ಧೂಳು ಥೇಟ್ ನಮ್ಮ ಬಳ್ಳಾರಿ. ಬಿಸಿಲು ಮಾತ್ರ ನಮ್ಮಷ್ಟು ಸುಡುವುದಿಲ್ಲ.

ಮಜೆಂಗೊ ಮಾರುಕಟ್ಟೆಗೆ ಕಾಲಿಟ್ಟದ್ದೇ ಜೀವ ಹಗುರಾಯಿತು. ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು ಕುಡಿದೆವು. ಅಂಚಿನಲ್ಲಿ ಗಾದೆ ಅಚ್ಚು ಹಾಕಿದ ಕಂಗಾ ಬಟ್ಟೆಗಳನ್ನು ಒಂದೊಂದಾಗಿ ಓದಿಸಿಕೊಂಡು ಒಂದು ಜೋಡಿ ಕೊಂಡೆ. ಹಳೆ ಬಟ್ಟೆಯ ರಾಶಿಯಲ್ಲಿ ಜೀನ್ಸ್ ಕಂಡರೆ ಕೈ ತಾನಾಗಿ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತದೆ. ಬಳ್ಳಾರಿಯಲ್ಲಿ ನಮ್ಮಕ್ಕ ಜೀನ್ಸ್ ಹೊಲಿದೇ ಮಕ್ಕಳನ್ನು ಓದಿಸಿದವಳು.

ಆಮೇಲೆ ಕಾಳಿನ ಅಂಗಡಿಯಲ್ಲಿ ಕಂಡಿತು, ಬಿಳಿಜೋಳ. ಇಲ್ಲಿ ‘ಮ್ತಾಮಾ’ ಅನ್ನುತ್ತಾರೆ. ಒಂದು ಹಿಡಿ ತಗೊಂಡು ಮೂಸಿದೆ, ಎರಡು ಕಾಳು ಹಲ್ಲಿಗಿಟ್ಟು ಕಡಿದೆ. ಐದು ಕಿಲೋ ತೂಗಲು ಹೇಳುವಷ್ಟರಲ್ಲಿ ಹುಡುಗಿ ನನ್ನ ಸೆರಗು ಜಗ್ಗಿದಳು. ಇಲ್ಲಿ ಅಮ್ಮನಂಥವರನ್ನು ‘ಮಾಮಾ’ ಅಂತ ಕರೆಯುತ್ತಾರೆ, ಹಿಟ್ಟಿನ ಮುದ್ದೆಗೆ ‘ಉಗಾಲಿ’ ಅನ್ನುತ್ತಾರೆ. ಅಂಗಡಿಯವಳಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು: “ಮಾಮಾ, ಎಲ್ಲರೂ ಮೆಕ್ಕೆಜೋಳದ ಉಗಾಲಿ ಉಣ್ಣುತ್ತಾರೆ. ಇದು ಮಳೆ ಕೈಕೊಟ್ಟಾಗ ಉಣ್ಣೋದು. ನೀವೂ ಬಡವರಾ?”

ನನ್ನ ಬಾಯಿ ಕಟ್ಟಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಹರಿದ ಮೇಲೆ ನಮ್ಮ ಸಿರುಗುಪ್ಪ ಸೀಮೆಯ ಹೊಲಗಳು ಗದ್ದೆಗಳಾದವು. ನೀರು ಬಂದದ್ದು ಒಳ್ಳೆಯದೇ. ಆದರೆ ಅದರ ಜೊತೆ ಅನ್ನ ಉಣ್ಣುವವರು ದೊಡ್ಡವರು, ರೊಟ್ಟಿ ತಿನ್ನುವವರು ಚಿಕ್ಕವರು ಅನ್ನುವ ಮಾತೂ ಬಂತು. ಅದು ನನಗೆ ಇಂದಿಗೂ ಸಹಿಸದು. ನಮ್ಮದು ನೀರು ಹತ್ತದ ಹೊಲ. ಹಾಸ್ಟೆಲಿಗೆ ಅವ್ವ ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಒಮ್ಮೆ ಗೆಳತಿಯರೆದುರು, “ಇದು ಬ್ಯಾಡಬೇ, ಅನ್ನ ತಗಂಡು ಬಾ” ಅಂದುಬಿಟ್ಟೆ. “ಆತು ಬಿಡವ್ವಾ” ಅಂದಳು. ಮುಂದಿನ ವಾರ ಬುತ್ತಿಯಲ್ಲಿ ಅನ್ನವಿತ್ತು. ಅಕ್ಕಿ ಎಲ್ಲಿಂದ ತಂದಳೋ, ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಜಾನ್ ಹ್ಯಾಂಡ್ಸ್ ನೆನಪಾದರು. ಲಂಡನ್ ಮಿಷನ್ನಿನಿಂದ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದವರು. ನಮ್ಮೂರ ಮಕ್ಕಳು ಅವರ ತಟ್ಟೆ ನೋಡಿ ಏನೇನು ಕೇಳಿದ್ದರೋ!

ಪೇಟೆಯ ಗಿರಣಿಯಲ್ಲೇ ಬೀಸಿಸಿ ತಂದಿದ್ದೆ. ಸಂಜೆ ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿಯಲು ಕೂತೆ. ಸಪ್ಪಳ ಕೇಳಿ ಹುಡುಗಿ ಓಡಿಬಂದಳು. “ನೀನು ಕೇಳಿದೆಯಲ್ಲ, ನಮ್ಮವ್ವ ನನ್ನನ್ನು ಬೆಳೆಸಿದ್ದು ಇದರಲ್ಲೇ” ಅಂದೆ. ಅವಳು ಏನೂ ಅನ್ನದೆ ತಾನೂ ಒಂದು ಉಂಡೆ ತಗೊಂಡು ತಟ್ಟಿದಳು. ಅಂಚು ಹರಿಯಿತು. ಮತ್ತೆ ತಟ್ಟಿದಳು.

ಬಿಸಿಬಿಸಿ ಒಂದನ್ನು ಶೇಂಗಾ ಪುಡಿ ಹಚ್ಚಿಕೊಂಡು ತಿಂದಳು. ಇನ್ನೊಂದು ಅವರಮ್ಮನಿಗಂತೆ. ಮುಚ್ಚಿಕೊಂಡು ಹೋಗು, ಆರುತ್ತದೆ ಅಂದರೆ ಕೇಳಲಿಲ್ಲ. ಎರಡೂ ಕೈಯಲ್ಲಿ ರೊಟ್ಟಿ ಎತ್ತಿ ಹಿಡಿದು, ಓಣಿಯ ಹುಡುಗರಿಗೆಲ್ಲ ತೋರಿಸುತ್ತ ಹೋದಳು.