ಜಿಮ್ ಹೆಸರಿನ ಟೀ ಶರ್ಟಿನಲ್ಲಿ ಎಷ್ಟು ಉಳಿಯುತ್ತದೆ?

ನಾನು ಕಲಬುರಗಿಯಲ್ಲಿ ಒಂದು ಸಣ್ಣ ಜಿಮ್ ನಡೆಸುತ್ತೇನೆ. ಆಳಂದ, ಸೇಡಂ, ಜೇವರ್ಗಿ ಕಡೆ ಹೊಸದಾಗಿ ಜಿಮ್ ತೆರೆದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು: ‘ಅಣ್ಣಾ, ಬರೀ ಫೀಸಿನಲ್ಲಿ ಬಾಡಿಗೆ, ಕರೆಂಟ್ ಬಿಲ್ ಸರಿದೂಗುವುದಿಲ್ಲ. ಜಿಮ್ ಹೆಸರು ಹಾಕಿಸಿ ಟೀ ಶರ್ಟ್ ಮಾರಿದರೆ ನಾಲ್ಕು ಕಾಸು ಉಳಿಯುತ್ತದೆಯೇ?’

ಉಳಿಯುತ್ತದೆ, ಮುಂಗಡ ಹಣ ಕೈಗೆ ಬಂದ ಮೇಲೆ ಮಾಡಿಸಿದರೆ. ಮೊದಲು ಮಾಡಿಸಿ ಆಮೇಲೆ ಗಿರಾಕಿ ಹುಡುಕುವವರಿಗೆ ಉಳಿಯುವುದು ಟೀ ಶರ್ಟೇ ಹೊರತು ಹಣವಲ್ಲ.

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಬಟ್ಟೆ, ಮುದ್ರಣ, ಸಾಗಾಣಿಕೆ ಎಲ್ಲ ಸೇರಿ ಒಂದು ಟೀ ಶರ್ಟಿಗೆ 220 ರೂಪಾಯಿ ಬಿತ್ತು, ನೀವು 350ಕ್ಕೆ ಮಾರಿದಿರಿ. ಒಂದಕ್ಕೆ 130 ಲಾಭ ಎಂದು ಎಲ್ಲರೂ ಬಾಯಿಲೆಕ್ಕ ಹಾಕುತ್ತಾರೆ. 50 ಮಾಡಿಸಿದರೆ ಹಾಕಿದ ದುಡ್ಡು 11,000. ಅದು ವಾಪಸು ಬರಬೇಕಾದರೆ 32 ಮಾರಾಟವಾಗಬೇಕು. ಅಲ್ಲಿಯವರೆಗೆ ನೀವು ದುಡಿಯುವುದು ಮುದ್ರಣದವನಿಗಾಗಿ. 35 ಮಾರಿ ಉಳಿದ 15 ಕಪಾಟಿನಲ್ಲಿ ಕುಳಿತರೆ ಕೈಗೆ ಬಂದದ್ದು 1,250. ಅಷ್ಟೂ ಹೋದರೆ 6,500. ಲಾಭ ಅಡಗಿರುವುದು ಕೊನೆಯ ಹದಿನೈದರಲ್ಲಿ, ಮತ್ತು ಹೋಗದೆ ಉಳಿಯುವುದು ಯಾವಾಗಲೂ ಅವೇ.

ಉಳಿಯುವುದಕ್ಕೆ ಕಾರಣ ಅಳತೆ. ಎಂ, ಎಲ್ ಬೇಗ ಮುಗಿಯುತ್ತವೆ, ಎಸ್ ಹಾಗೆಯೇ ಕೂರುತ್ತದೆ, ಡಬಲ್ ಎಕ್ಸ್‌ಎಲ್ ಕೇಳುವವರು ಬಂದಾಗ ಅದು ಇರುವುದೇ ಇಲ್ಲ. ಮೇಲಾಗಿ ನಮ್ಮದು ಜನ ಅಳತೆ ಬದಲಿಸಿಕೊಳ್ಳಲೆಂದೇ ಬರುವ ಜಾಗ! ತೋಳು ಬಿಗಿಯಾಗಿ ಕಾಣಲಿ ಎಂದು ಒಂದು ಅಳತೆ ಚಿಕ್ಕದನ್ನೇ ಒಯ್ಯುವ ಹುಡುಗರು ಬೇರೆ. ಆದ್ದರಿಂದ ಪ್ರತಿ ಅಳತೆಯದೂ ಒಂದೊಂದು ಮಾದರಿ ಮಾತ್ರ ಇಟ್ಟುಕೊಳ್ಳಿ, ತೊಟ್ಟು ನೋಡಲಿ. ಹೆಸರು, ಅಳತೆ, ಪೂರ್ತಿ ಹಣ ಬಂದ ಮೇಲೆ ಪಟ್ಟಿ ಕಳುಹಿಸಿ. ಅರ್ಧ ಮುಂಗಡ ತೆಗೆದುಕೊಳ್ಳುವುದು ಅರ್ಧ ತಲೆನೋವು ಅಷ್ಟೇ.

ಬಟ್ಟೆಯ ವಿಷಯದಲ್ಲಿ ನಮ್ಮೂರಿನ ಬಿಸಿಲೇ ತೀರ್ಪುಗಾರ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ದಪ್ಪ ಹತ್ತಿಯ ಟೀ ಶರ್ಟ್ ಬೆವರು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ತೆಳುವಾದ ಡ್ರೈ ಫಿಟ್ ಪಾಲಿಯೆಸ್ಟರ್ ಬೇಗ ಆರುತ್ತದೆ, ಆದರೆ ಒಗೆಯದೆ ಎರಡನೇ ದಿನ ತೊಟ್ಟರೆ ಪಕ್ಕದವನು ಜಾಗ ಖಾಲಿ ಮಾಡುತ್ತಾನೆ. ಬೆನ್ನ ತುಂಬ ಚಿತ್ರ ಬೇಕೆಂದು ಡಿಟಿಎಫ್ ಮುದ್ರಣ, ಅಂದರೆ ಫಿಲ್ಮ್ ಮೇಲೆ ಅಚ್ಚು ಹಾಕಿ ಬಿಸಿಯಿಂದ ಬಟ್ಟೆಗೆ ಅಂಟಿಸುವುದು, ಮಾಡಿಸುವವರಿದ್ದಾರೆ. ಅಂಗಡಿಯಲ್ಲಿ ನೋಡಲು ಚೆಂದ. ಬೆಂಚಿನ ಮೇಲೆ ಮಲಗಿ ಭಾರ ಎತ್ತುವಾಗ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಹಚ್ಚಿದಂತೆ. ಕಬಡ್ಡಿ ತಂಡದವರು ಹಾಕುವ ಜೆರ್ಸಿಯಲ್ಲಿ ಈ ತೊಂದರೆ ಇಲ್ಲ: ಬಿಳಿ ಪಾಲಿಯೆಸ್ಟರಿನ ಮೇಲೆ ಸಬ್ಲಿಮೇಷನ್‌ನಿಂದ, ಅಂದರೆ ಬಿಸಿ ಒತ್ತಿ, ಮುದ್ರಿಸಿದ ಬಣ್ಣ ಎಳೆಯೊಳಗೇ ಇಳಿಯುತ್ತದೆ, ಆಮೇಲೆ ಹೊಲಿಗೆ. ಅದು ಕೈಮೀರಿದರೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೇ ಬಣ್ಣ ಸಾಕು. ಅಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕಾದ್ದರಿಂದ ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಸಣ್ಣ ಆರ್ಡರ್‌ಗೆ ಅದು ಹೊಡೆತ.

ಎದೆಯ ಮೇಲೆ ಇಂಗ್ಲಿಷಿನಲ್ಲಿ ಜಿಮ್ ಹೆಸರು ಎಲ್ಲ ಕಡೆ ಇದೆ. ಬೆನ್ನ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘ಕಲಬುರಗಿ’ ಎಂದು ಹಾಕಿಸಿ ನೋಡಿ, ನವೆಂಬರ್ ಹತ್ತಿರವಾದಾಗ ಜಿಮ್ಮಿಗೆ ಬಾರದವರೂ ಕೇಳುತ್ತಾರೆ. ಒಂದೇ ಎಚ್ಚರಿಕೆ: ಮುದ್ರಣದವರ ಕಂಪ್ಯೂಟರಿನಲ್ಲಿ ಇರುವುದು ಹೆಚ್ಚಾಗಿ ಹಳೆಯ ನುಡಿ, ಬರಹ ಫಾಂಟುಗಳು. ನೀವು ಮೊಬೈಲಿನಿಂದ ಕಳುಹಿಸಿದ ಯುನಿಕೋಡ್ ಅಕ್ಷರ ಅಲ್ಲಿ ಒಡೆದು ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಹೋಗಬಹುದು. ಅಚ್ಚಿಗೆ ಹೋಗುವ ಮುನ್ನ ನೀವೇ ಕಣ್ಣಾರೆ ಓದಿ.

ಹೆಂಗಸರ ಬ್ಯಾಚ್ ಇದ್ದರೆ ಅವರಿಗೆ ಗಂಡಸರ ಟೀ ಶರ್ಟನ್ನೇ ಚಿಕ್ಕ ಅಳತೆಯಲ್ಲಿ ಕೊಡುವುದು ಸೋಮಾರಿತನ. ಸೊಂಟ ದಾಟುವ ಉದ್ದ, ತುಸು ಸಡಿಲ, ತುಂಬು ತೋಳು ಬೇಕೆನ್ನುವವರು ನಮ್ಮ ಊರಿನಲ್ಲಿ ಬಹಳ. ಅಂಗಡಿಯಲ್ಲಿ ಅಂಥದ್ದು ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಐವತ್ತು ರೂಪಾಯಿ ಹೆಚ್ಚಿಟ್ಟರೂ ಚೌಕಾಸಿ ಮಾಡುವುದಿಲ್ಲ. ಬಟ್ಟೆಯಲ್ಲಿ ನಿಜವಾದ ಲಾಭ ಇರುವ ಮೂಲೆ ಇದು, ಯಾರೂ ಕಣ್ಣು ಹಾಕಿಲ್ಲ.

ಮತ್ತೊಂದು ವರ್ಗ, ಹಳ್ಳಿಗಳಿಂದ ಬಂದು ರೂಮ್ ಮಾಡಿಕೊಂಡು ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರು. ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿಯ ಮೇಲೆ ಆಸೆ ಇಟ್ಟುಕೊಂಡು ಅಧಿಸೂಚನೆ ಬಂದೊಡನೆ ಜಿಮ್ ತುಂಬುತ್ತಾರೆ. ಆ ನೂಕುನುಗ್ಗಲು ನೋಡಿ ನೂರು ಟೀ ಶರ್ಟ್ ಮಾಡಿಸಬೇಡಿ. 350 ರೂಪಾಯಿ ಅವರಿಗೆ ಮೆಸ್ಸಿನ ಹಣ.

ಅವರೂ ಕೊಳ್ಳುವ ಸಾಮಾನು ಒಂದಿದೆ: ಟವೆಲ್. ನಿಜ ಹೇಳಬೇಕೆಂದರೆ ನನ್ನ ಸಲಹೆ ಟೀ ಶರ್ಟಿಗಿಂತ ಮೊದಲು ಇದೇ. ಟವೆಲಿಗೆ ಅಳತೆ ಇಲ್ಲ, ಗಂಡು ಹೆಣ್ಣು ಎಂಬ ಭೇದವಿಲ್ಲ, ಕಪಾಟಿನಲ್ಲಿ ಆರು ತಿಂಗಳು ಇದ್ದರೂ ಹಳೆಯದಾಗುವುದಿಲ್ಲ. ಟವೆಲಿಗೆ ಹೆಸರಾದ ಸೊಲ್ಲಾಪುರ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಸಗಟು ದರದಲ್ಲಿ ಸಣ್ಣ ಟವೆಲ್ ತಂದು ಮೂಲೆಯಲ್ಲಿ ಜಿಮ್ ಹೆಸರಿನ ಕಸೂತಿ ಹಾಕಿಸಿ. ಟವೆಲ್ ಇಲ್ಲದೆ ಬೆಂಚಿನ ಮೇಲೆ ಮಲಗುವಂತಿಲ್ಲ ಎಂಬ ನಿಯಮವನ್ನೂ ಗೋಡೆಗೆ ಬರೆಸಿ. ನಿಯಮ ಶುಚಿತ್ವಕ್ಕೆ, ಮಾರಾಟ ನಿಮಗೆ.

ಕೆಲವರು ಇದೆಲ್ಲ ಬಿಟ್ಟು ಹೆಸರಾಂತ ಕಂಪನಿಗಳ ‘ಫಸ್ಟ್ ಕಾಪಿ’ ತಂದು ಮಾರುವ ಆಲೋಚನೆಯಲ್ಲಿರುತ್ತಾರೆ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ನಕಲಿ ಗುರುತಿನ ಸರಕು ಮಾರುವುದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಇದೆ. ಅದಕ್ಕೆ ಇಷ್ಟೇ ಉತ್ತರ. ತೆರಿಗೆಯ ಮಾತೂ ಬರುತ್ತದೆ. ಜಿಮ್ ಸೇವೆ ಇರುವುದರಿಂದ, ಫೀಸು, ಟೀ ಶರ್ಟ್ ಎಲ್ಲ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇ 5.

ಇನ್ನು ಉದ್ರಿ. ‘ಮುಂದಿನ ತಿಂಗಳ ಫೀಸಿನ ಜೊತೆ ಕೊಡುತ್ತೇನೆ ಸರ್’ ಎನ್ನುವವರು ಮೋಸಗಾರರಲ್ಲ, ಬಹುಪಾಲು ಒಳ್ಳೆಯ ಹುಡುಗರೇ. ಆದರೆ ಬಾಕಿ ತೀರಿಸಲಾಗದಿದ್ದಾಗ ಮುಖ ತೋರಿಸಲು ನಾಚಿ ಜಿಮ್ಮಿಗೆ ಬರುವುದನ್ನೇ ಬಿಡುತ್ತಾರೆ. 350ರ ಟೀ ಶರ್ಟಿನ ಹಿಂದೆ ಪ್ರತಿ ತಿಂಗಳ ಫೀಸೂ ಹೋಗುತ್ತದೆ. ನಮ್ಮಲ್ಲಿ ಹಣ ಬಂದ ಸದ್ದು ಮೊಬೈಲಿನಲ್ಲಿ ಕೇಳಿಸಿದ ಮೇಲೆಯೇ ಟ್ರೇನರ್ ಪಟ್ಟಿಗೆ ಹೆಸರು ಬರೆಯುತ್ತಾನೆ, ನನ್ನ ಸ್ವಂತ ತಮ್ಮನದಾದರೂ ಸರಿ.